ಜ್ವರ ಬಿಟ್ಟರೂ ಬಿಡದ ಬಳಲಿಕೆ

1955ರ ಜುಲೈ 13ರಂದು ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಇಬ್ಬರು ಸಿಬ್ಬಂದಿ, ಒಬ್ಬ ವೈದ್ಯರು ಮತ್ತು ಒಬ್ಬ ವಾರ್ಡ್ ಸಿಸ್ಟರ್, ತಮ್ಮದೇ ಆಸ್ಪತ್ರೆಯಲ್ಲಿ ರೋಗಿಗಳಾಗಿ ದಾಖಲಾದರು. ಗಂಟಲುನೋವು, ತಲೆನೋವು, ಕತ್ತಿನ ಗ್ರಂಥಿಗಳ ಊತ, ಸಣ್ಣ ಜ್ವರದಿಂದ ಶುರುವಾಗುತ್ತಿದ್ದ ಕಾಯಿಲೆ ಅದು. ಮಾಮೂಲಿ ಶೀತಜ್ವರ ಎಂದುಕೊಳ್ಳುವಷ್ಟರಲ್ಲಿ ಕೈಕಾಲುಗಳ ಬಲ ಕುಗ್ಗುತ್ತಿತ್ತು, ಸ್ನಾಯುಗಳು ನೋಯುತ್ತಿದ್ದವು, ತಲೆ ತಿರುಗುತ್ತಿತ್ತು. ಹನ್ನೆರಡು ದಿನಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಸಿಬ್ಬಂದಿ ಹಾಸಿಗೆ ಹಿಡಿದರು. ಜುಲೈ 25ರಂದು ಆಸ್ಪತ್ರೆಯನ್ನೇ ಮುಚ್ಚಬೇಕಾಯಿತು. ಮತ್ತೆ ಬಾಗಿಲು ತೆರೆದದ್ದು ಅಕ್ಟೋಬರ್ 5ಕ್ಕೆ. ನವೆಂಬರ್ ಕೊನೆಯ ಹೊತ್ತಿಗೆ ಲೆಕ್ಕ ಹಾಕಿದಾಗ ಕಾಯಿಲೆಗೆ ಸಿಕ್ಕಿದ್ದ ಸಿಬ್ಬಂದಿ 292 ಮಂದಿ. ಅವರಲ್ಲಿ 255 ಜನ ಆಸ್ಪತ್ರೆಗೆ ಸೇರಬೇಕಾಗಿ ಬಂದಿತ್ತು.

ಹಲವರು ಚೇತರಿಸಿಕೊಂಡರು. ಕೆಲವರು ಮಾತ್ರ ವರ್ಷಗಳು ಉರುಳಿದರೂ ಮೊದಲಿನಂತಾಗಲಿಲ್ಲ. ಸ್ವಲ್ಪ ನಡೆದರೆ, ಸ್ವಲ್ಪ ಓದಿದರೆ ಮತ್ತೆ ಮಲಗುವ ಸ್ಥಿತಿ. ಅದೇ ಆಸ್ಪತ್ರೆಯ ಸೋಂಕುರೋಗ ತಜ್ಞ ಡಾ. ಮೆಲ್ವಿನ್ ರಾಮ್ಸೆ ಇಂಥವರ ಬೆನ್ನಿಗೆ ನಿಂತು, ಮುಂದಿನ ಮೂರು ದಶಕಗಳ ಕಾಲ ಈ ಕಾಯಿಲೆಯನ್ನು ದಾಖಲಿಸುತ್ತಲೇ ಹೋದರು. ಎಷ್ಟು ಹುಡುಕಿದರೂ ಆ ಪಿಡುಗಿಗೆ ಕಾರಣವಾದ ರೋಗಾಣು ಸಿಗಲಿಲ್ಲ.

ಹದಿನೈದು ವರ್ಷಗಳ ನಂತರ, 1970ರಲ್ಲಿ, ಮೆಕ್‌ಎವೆಡಿ ಮತ್ತು ಬಿಯರ್ಡ್ ಎಂಬ ಇಬ್ಬರು ಮನೋವೈದ್ಯರು ಆಸ್ಪತ್ರೆಯ ಹಳೆಯ ಕಡತಗಳನ್ನು ತಿರುವಿಹಾಕಿ ಒಂದು ತೀರ್ಪು ಕೊಟ್ಟರು: ಇದು ಸಾಮೂಹಿಕ ಉನ್ಮಾದ. ಅವರು ಕಾಯಿಲೆ ಬಿದ್ದವರನ್ನು ಪರೀಕ್ಷಿಸಿರಲಿಲ್ಲ. ರೋಗಿಗಳಲ್ಲಿ ಹೆಂಗಸರೇ ಹೆಚ್ಚಿದ್ದುದು ಅವರ ವಾದಕ್ಕೆ ಒಂದು ಆಧಾರವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ಅದರ ಹಿಂದಿನ ವರ್ಷವೇ, 1969ರಲ್ಲಿ, ಈ ಕಾಯಿಲೆಯನ್ನು ನರಮಂಡಲದ ರೋಗಗಳ ಪಟ್ಟಿಗೆ ಸೇರಿಸಿತ್ತು. ಆದರೂ ವೈದ್ಯರ ಮನಸ್ಸಿನಲ್ಲಿ ಉಳಿದದ್ದು ಉನ್ಮಾದದ ಕಥೆಯೇ. ಕಾರಣ ಕಾಣಿಸದಿದ್ದಾಗ ರೋಗಿಯನ್ನೇ ಅನುಮಾನಿಸುವ ಆ ಪರಿಪಾಠ ಇವತ್ತಿಗೂ ಪೂರ್ತಿ ಹೋಗಿಲ್ಲ.

ಮಯಾಲ್ಜಿಕ್ ಎನ್ಸೆಫಲೋಮೈಲೈಟಿಸ್ ಅಥವಾ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದು ಕರೆಸಿಕೊಳ್ಳುವ, ಚುಟುಕಾಗಿ ಎಂಇ/ಸಿಎಫ್‌ಎಸ್ ಎನ್ನುವ ಈ ಕಾಯಿಲೆಯ ಮೂಲವನ್ನು ಹುಡುಕುವ ಕೆಲಸ ಕಳೆದ ಹತ್ತು ವರ್ಷಗಳಲ್ಲಿ ಹಿಂದೆಂದಿಗಿಂತ ಬಿರುಸಾಗಿದೆ. ಏಕೈಕ ಕಾರಣ ಇನ್ನೂ ಸಿಕ್ಕಿಲ್ಲ. ಸಿಕ್ಕಿರುವ ಸುಳಿವುಗಳೆಲ್ಲ ಮಾತ್ರ ಒಂದೇ ಕಡೆ ಬೆರಳು ತೋರಿಸುತ್ತಿವೆ: ಕೆಟ್ಟಿರುವುದು ದೇಹ.

ಇದು ಯಾವ ಬಗೆಯ ಸುಸ್ತು?

ಗದ್ದೆ ಕೆಲಸ ಮಾಡಿ ಬಂದವರ ದಣಿವು ರಾತ್ರಿಯ ನಿದ್ದೆಗೆ ಇಳಿಯುತ್ತದೆ. ಪರೀಕ್ಷೆಗೆ ಓದಿ ಸುಸ್ತಾದ ಹುಡುಗಿ ಎರಡು ದಿನ ಮಲಗೆದ್ದರೆ ಸರಿಹೋಗುತ್ತಾಳೆ. ಎಂಇ/ಸಿಎಫ್‌ಎಸ್ ಇರುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಈ ರೋಗವನ್ನು ಗುರುತಿಸಲು ಸ್ಪಷ್ಟ ಮಾನದಂಡ ಕೊಟ್ಟಿತು. ಹಿಂದೆ ಸಲೀಸಾಗಿ ಮಾಡುತ್ತಿದ್ದ ಕೆಲಸಗಳನ್ನು ಮಾಡಲಾಗದಂಥ ಬಳಲಿಕೆ ಆರು ತಿಂಗಳಿಗೂ ಮೀರಿ ಇರಬೇಕು. ಶ್ರಮದ ನಂತರ ಕಾಯಿಲೆ ಕೆರಳಬೇಕು. ಎಷ್ಟು ನಿದ್ದೆ ಮಾಡಿದರೂ ಹಗುರವೆನಿಸಬಾರದು. ಇವು ಮೂರರ ಜೊತೆಗೆ, ಯೋಚನೆ ಮತ್ತು ನೆನಪಿನ ಮಂಕು ಇರಬೇಕು ಅಥವಾ ಎದ್ದು ನಿಂತರೆ ಲಕ್ಷಣಗಳು ಹೆಚ್ಚಾಗುವ ತೊಂದರೆ ಇರಬೇಕು. ಅಮೆರಿಕ ಒಂದರಲ್ಲೇ 8.36 ಲಕ್ಷದಿಂದ 25 ಲಕ್ಷ ಜನರಿಗೆ ಈ ರೋಗವಿದೆ ಎಂದು ಆ ವರದಿ ಅಂದಾಜಿಸಿತು.

ಎರಡನೆಯ ಲಕ್ಷಣವೇ ಈ ರೋಗದ ಗುರುತುಚೀಟಿ. ಮದುವೆಮನೆಗೆ ಹೋಗಿ ಬಂದ ದಿನ ರೋಗಿ ಚೆನ್ನಾಗಿಯೇ ಇರಬಹುದು. ಮರುದಿನವೋ ಅದರ ಮರುದಿನವೋ ಕುಸಿತ ಬರುತ್ತದೆ. ಗಂಟಲು ಕೆರೆಯುತ್ತದೆ, ಮೈಯೆಲ್ಲ ಜ್ವರ ಬಂದಂತೆ ನೋಯುತ್ತದೆ, ಬೆಳಕು ಮತ್ತು ಸದ್ದು ಸಹಿಸಲಾಗುವುದಿಲ್ಲ, ಓದಿದ ಸಾಲು ತಲೆಗೆ ಹತ್ತುವುದಿಲ್ಲ. ಕೆಲವರಿಗೆ ಇದು ಎರಡು ದಿನ, ಕೆಲವರಿಗೆ ಎರಡು ತಿಂಗಳು. ತೀವ್ರ ಸ್ವರೂಪದ ಕಾಯಿಲೆ ಇರುವವರಿಗೆ ಸ್ನಾನವೇ, ಎದ್ದು ಕೂತು ಊಟ ಮಾಡುವುದೇ ಅಂಥ ಶ್ರಮ. ಶ್ರಮಕ್ಕೂ ಕುಸಿತಕ್ಕೂ ನಡುವೆ ಒಂದೆರಡು ದಿನದ ಅಂತರ ಇರುವುದರಿಂದಲೇ ಮನೆಯವರಿಗೂ ವೈದ್ಯರಿಗೂ, ಒಮ್ಮೊಮ್ಮೆ ರೋಗಿಗೂ, ಇವೆರಡಕ್ಕೆ ನಂಟಿದೆ ಎಂದು ಹೊಳೆಯುವುದಿಲ್ಲ.

ಖಿನ್ನತೆಯೊಂದಿಗೆ ಇದನ್ನು ಗೊಂದಲ ಮಾಡಿಕೊಳ್ಳುವುದು ಸಾಮಾನ್ಯ. ಖಿನ್ನತೆಯಲ್ಲಿ ಇಷ್ಟದ ಕೆಲಸಗಳ ಮೇಲಿನ ಆಸಕ್ತಿಯೇ ಬತ್ತಿಹೋಗುತ್ತದೆ. ನಡಿಗೆ, ವ್ಯಾಯಾಮಗಳಿಂದ ಹಲವರಿಗೆ ಒಳ್ಳೆಯದಾಗುತ್ತದೆ. ಎಂಇ/ಸಿಎಫ್‌ಎಸ್ ರೋಗಿಗೆ ಮಾಡಬೇಕೆಂಬ ಆಸೆ ತುಂಬಾ ಇರುತ್ತದೆ. ಆ ಆಸೆಯ ಬೆನ್ನು ಹತ್ತಿ ಮಾಡಿದಾಗಲೇ ದೇಹ ನೆಲಕಚ್ಚುತ್ತದೆ. ವರ್ಷಗಟ್ಟಲೆ ಹೀಗೆ ನರಳಿದವರಿಗೆ ಖಿನ್ನತೆಯೂ ಬರಬಹುದು, ಅದಕ್ಕೂ ಚಿಕಿತ್ಸೆ ಬೇಕು. ಅಲ್ಲಿ ಖಿನ್ನತೆ ರೋಗದ ಫಲ. ಅದನ್ನೇ ಮೂಲವೆಂದು ಹಿಡಿದರೆ ಚಿಕಿತ್ಸೆಯ ದಾರಿಯೇ ತಪ್ಪುತ್ತದೆ.

ಶುರುವಾಗುವುದು ಸೋಂಕಿನಿಂದ

ಬಹಳಷ್ಟು ರೋಗಿಗಳು ತಮ್ಮ ಕಾಯಿಲೆ ಶುರುವಾದ ವಾರವನ್ನೇ ಹೇಳಬಲ್ಲರು: "ಆ ಜ್ವರ ಬಂತಲ್ಲ, ಆಮೇಲಿಂದ ನಾನು ನಾನಾಗಿಲ್ಲ." ಈ ಮಾತನ್ನು ಒರೆಗೆ ಹಚ್ಚಿದ ಅಧ್ಯಯನ ನಡೆದದ್ದು ಆಸ್ಟ್ರೇಲಿಯಾದ ಡಬ್ಬೋ ಎಂಬ ಊರಿನ ಸುತ್ತಮುತ್ತ. ಮೂರು ಬೇರೆ ಬೇರೆ ಸೋಂಕು ತಗಲಿದ 253 ಜನರನ್ನು ಸಂಶೋಧಕರು ಕಾಯಿಲೆಯ ಮೊದಲ ದಿನಗಳಿಂದಲೇ ಹಿಂಬಾಲಿಸಿದರು. ಕೆಲವರಿಗೆ ಗ್ರಂಥಿಜ್ವರ ತರುವ ಎಪ್ಸ್ಟೀನ್-ಬಾರ್ ವೈರಸ್, ಕೆಲವರಿಗೆ ಸೊಳ್ಳೆಯಿಂದ ಹರಡುವ ರಾಸ್ ರಿವರ್ ವೈರಸ್, ಇನ್ನು ಕೆಲವರಿಗೆ ದನಕುರಿಗಳಿಂದ ಬರುವ ಕ್ಯೂ ಜ್ವರದ ಬ್ಯಾಕ್ಟೀರಿಯಾ. ಆರು ತಿಂಗಳ ನಂತರ ಈ ಮೂರೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಶೇ 11ರಷ್ಟು ಜನರಲ್ಲಿ, ಈ ರೋಗದ ಲಕ್ಷಣಗಳು ನೆಲೆಯೂರಿದ್ದವು. 2006ರಲ್ಲಿ ಪ್ರಕಟವಾದ ಈ ಅಧ್ಯಯನದ ಇನ್ನೊಂದು ಫಲಿತಾಂಶ ಅಷ್ಟೇ ಮುಖ್ಯ. ಯಾರಿಗೆ ಕಾಯಿಲೆ ಅಂಟಿಕೊಳ್ಳುತ್ತದೆ ಎಂಬುದನ್ನು ಅವರ ಮನೋಸ್ವಭಾವ ಮುಂಗಾಣಿಸಲಿಲ್ಲ. ಮೊದಲ ಜ್ವರ ಎಷ್ಟು ಜೋರಾಗಿತ್ತು ಎಂಬುದು ಮುಂಗಾಣಿಸಿತು.

ವೈರಸ್ಸೇ ಆಗಬೇಕೆಂದೂ ಇಲ್ಲ. 2004ರಲ್ಲಿ ನಾರ್ವೆಯ ಬರ್ಗೆನ್ ನಗರದ ಕುಡಿಯುವ ನೀರಿಗೆ ಜಿಯಾರ್ಡಿಯಾ ಎಂಬ ಏಕಕೋಶ ಪರೋಪಜೀವಿ ಸೇರಿಕೊಂಡಿತು. ಹೊಟ್ಟೆಯ ಸೋಂಕು ಔಷಧಿಗೆ ಬಗ್ಗಿತು. ವರ್ಷಗಳ ಮೇಲೆ ವಿಚಾರಿಸಿದಾಗ, ಸೋಂಕು ತಗಲಿದ್ದವರಲ್ಲಿ ಬಿಡದ ಬಳಲಿಕೆ ಉಳಿದವರ ಪ್ರಮಾಣ ಉಳಿದ ಜನರಿಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಅಮೆರಿಕದ ನೆವಾಡಾ ರಾಜ್ಯದ ಇನ್‌ಕ್ಲೈನ್ ವಿಲೇಜ್‌ನಲ್ಲಿ 1984ರಿಂದ ಇಂಥದೇ ಪಿಡುಗು ಕಾಣಿಸಿಕೊಂಡಿತ್ತು. ಅಲ್ಲಿನ ವೈದ್ಯರಾದ ಡೇನಿಯಲ್ ಪೀಟರ್ಸನ್ ಮತ್ತು ಪಾಲ್ ಚೀನಿ ಕೂಗಿ ಹೇಳಿದ ಮೇಲೆ ಸರ್ಕಾರಿ ತಜ್ಞರು ಬಂದರು. 1988ರಲ್ಲಿ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂಬ ಹೆಸರು ಅಧಿಕೃತವಾಯಿತು.

ಕೋವಿಡ್ ಈ ಪ್ರಶ್ನೆಯನ್ನು ಇಡೀ ಜಗತ್ತಿನ ಮುಂದಿಟ್ಟಿತು. ಅಮೆರಿಕದ 'ರಿಕವರ್' ಎಂಬ ಬೃಹತ್ ಅಧ್ಯಯನದ ಪ್ರಕಾರ, ಕೋವಿಡ್ ಬಂದು ಹೋಗಿ ಆರು ತಿಂಗಳು ದಾಟಿದವರಲ್ಲಿ ಶೇ 4.5ರಷ್ಟು ಜನ ಎಂಇ/ಸಿಎಫ್‌ಎಸ್ ಮಾನದಂಡಕ್ಕೆ ಒಳಪಟ್ಟರು; ಸೋಂಕು ತಗಲದವರಲ್ಲಿ ಆ ಪ್ರಮಾಣ ಶೇ 0.6. ದೀರ್ಘ ಕೋವಿಡ್ ಎಂದು ನಾವು ಕರೆಯುವುದರ ಒಂದು ಭಾಗ ಈ ಹಳೆಯ ಕಾಯಿಲೆಯೇ.

ಬೇರೆ ಬೇರೆ ರೋಗಾಣುಗಳು ಒಂದೇ ಕಾಯಿಲೆಯನ್ನು ಬಿಟ್ಟುಹೋಗುತ್ತವೆ ಎಂದರೆ, ಗುಟ್ಟು ಇರುವುದು ರೋಗಾಣುವಿಗಿಂತ ಹೆಚ್ಚಾಗಿ ಅದಕ್ಕೆ ದೇಹ ತೋರುವ ಪ್ರತಿಕ್ರಿಯೆಯಲ್ಲಿ. ಒಂದೇ ವೈರಸ್ಸಿನ ಮೇಲೆ ಎಲ್ಲ ಭರವಸೆ ಇಟ್ಟು ಕೈಸುಟ್ಟುಕೊಂಡ ಪ್ರಸಂಗವೂ ಇದೆ. 2009ರಲ್ಲಿ 'ಸೈನ್ಸ್' ಪತ್ರಿಕೆಯ ಒಂದು ಪ್ರಬಂಧ, 101 ರೋಗಿಗಳಲ್ಲಿ 68 ಜನರ ರಕ್ತದಲ್ಲಿ ಎಕ್ಸ್‌ಎಂಆರ್‌ವಿ ಎಂಬ ವೈರಸ್ ಸಿಕ್ಕಿತೆಂದು ಸಾರಿತು. ರೋಗಿಗಳು ಸಂಭ್ರಮಿಸಿದರು. ಕೆಲವರು ವೈರಸ್ ನಿರೋಧಕ ಔಷಧಿಗಳನ್ನೂ ಶುರುಮಾಡಿದರು. ಬೇರೆ ಪ್ರಯೋಗಾಲಯಗಳಲ್ಲಿ ಆ ವೈರಸ್ ಸಿಗಲಿಲ್ಲ. ಪ್ರಯೋಗಾಲಯದ ಕಲಬೆರಕೆಯಿಂದ ಅದು ಮಾದರಿಗಳೊಳಗೆ ನುಸುಳಿತ್ತೆಂದು ಗೊತ್ತಾಗಿ, 2011ರ ಡಿಸೆಂಬರ್‌ನಲ್ಲಿ ಪ್ರಬಂಧವನ್ನು ಹಿಂಪಡೆಯಲಾಯಿತು.

ಕಾವಲು ಪಡೆಯ ಎಡವಟ್ಟು

ಸೋಂಕು ಹೋದ ಮೇಲೂ ರೋಗ ಉಳಿಯುವುದೇಕೆ ಎಂದು ಕೇಳಿದಾಗ ಮೊದಲು ಕಣ್ಣು ಹೋಗುವುದು ರೋಗನಿರೋಧಕ ವ್ಯವಸ್ಥೆಯ ಕಡೆಗೆ. ಕಳ್ಳ ಓಡಿಹೋದ ಮೇಲೂ ಬೊಗಳುವುದನ್ನು ನಿಲ್ಲಿಸದ ಮನೆನಾಯಿಯಂತೆ, ಶತ್ರು ಹೋದರೂ ಅದು ಎಚ್ಚರ ಸ್ಥಿತಿಯಿಂದ ಇಳಿಯುತ್ತಿಲ್ಲ ಎಂಬುದು ಒಂದು ವಾದ. ಸೋಂಕಿತ ಜೀವಕೋಶಗಳನ್ನು ಹುಡುಕಿ ಕೊಲ್ಲುವ 'ನ್ಯಾಚುರಲ್ ಕಿಲ್ಲರ್' ಕೋಶಗಳು ಈ ರೋಗಿಗಳಲ್ಲಿ ಮಂದವಾಗಿವೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ದೀರ್ಘಕಾಲ ಹೋರಾಡಿ ಸೋತ ಗುರುತುಗಳು ಟಿ ಕೋಶಗಳ ಮೇಲೆ ಕಂಡಿವೆ.

ಹಾಗಾದರೆ ಶತ್ರು ನಿಜಕ್ಕೂ ಹೋಗಿದ್ದಾನೆಯೇ? ಹರ್ಪಿಸ್ ಕುಟುಂಬದ ವೈರಸ್‌ಗಳು ಒಮ್ಮೆ ಮೈಹೊಕ್ಕರೆ ಆಯುಷ್ಯಪೂರ್ತಿ ಒಳಗೇ ಮಲಗಿರುತ್ತವೆ. ಬಾಲ್ಯದಲ್ಲಿ ಬಂದ ಸೀತಾಳೆ ಸಿಡುಬು ಇಳಿವಯಸ್ಸಿನಲ್ಲಿ ಸರ್ಪಸುತ್ತಾಗಿ ಏಳುವುದನ್ನು ನಾವೇ ಕಂಡಿದ್ದೇವೆ. ಎಪ್ಸ್ಟೀನ್-ಬಾರ್ ಕೂಡ ಅದೇ ಕುಟುಂಬದ್ದು. ಅಮೆರಿಕದ ಒಂದು ಕೋಟಿ ಸೈನಿಕರ ದಾಖಲೆಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನ, ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ನರರೋಗದ ಹಿಂದೆ ಈ ವೈರಸ್ಸಿನ ಕೈವಾಡವಿದೆ ಎಂದು ಬಲವಾಗಿ ತೋರಿಸಿತು. ಸೋಂಕಾಗಿ ಎಷ್ಟೋ ವರ್ಷಗಳ ಮೇಲೆ ವೈರಸ್ಸು ನರರೋಗವೊಂದಕ್ಕೆ ಕಾರಣವಾಗಬಲ್ಲದಾದರೆ, ಎಂಇ/ಸಿಎಫ್‌ಎಸ್‌ನಲ್ಲೂ ಹಾಗೆ ಆಗಿರಬಹುದು ಎಂಬ ಊಹೆಗೆ ಇದರಿಂದ ಬಲ ಬಂದಿದೆ.

ಮೂರನೆಯ ಸಾಧ್ಯತೆ, ದೇಹವೇ ತನ್ನ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತಿರುವುದು. ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ಕಾರ್ಮೆನ್ ಶೈಬೆನ್‌ಬೋಗನ್ ಅವರ ತಂಡ, ರಕ್ತನಾಳಗಳನ್ನೂ ಹೃದಯವನ್ನೂ ನಿಯಂತ್ರಿಸುವ ಗ್ರಾಹಕಗಳಿಗೆ ಅಂಟಿಕೊಳ್ಳುವ ಪ್ರತಿಕಾಯಗಳು ಕೆಲವು ರೋಗಿಗಳಲ್ಲಿ ಹೆಚ್ಚಿರುವುದನ್ನು ವರದಿ ಮಾಡಿದೆ. ನಾರ್ವೆಯ ಕ್ಯಾನ್ಸರ್ ತಜ್ಞರಾದ ಓಯ್ಸ್ಟೈನ್ ಫ್ಲೂಗೆ ಮತ್ತು ಓಲಾವ್ ಮೆಲ್ಲಾ ಅವರ ಕಥೆ ಇನ್ನೂ ಕುತೂಹಲದ್ದು. ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿದ್ದ ರೋಗಿಯೊಬ್ಬರ ಹಳೆಯ ಬಳಲಿಕೆ ರೋಗ ಇಳಿದದ್ದನ್ನು ಅವರು ಗಮನಿಸಿದರು. ಪ್ರತಿಕಾಯಗಳ ತಯಾರಿಗೆ ಬೇಕಾದ ಬಿ ಕೋಶಗಳನ್ನು ಕೊಲ್ಲುವ ರಿಟಕ್ಸಿಮ್ಯಾಬ್ ಔಷಧಿಯನ್ನು ಮೂವತ್ತು ಜನರ ಸಣ್ಣ ಪ್ರಯೋಗದಲ್ಲಿ ಕೊಟ್ಟು ನೋಡಿದಾಗ ಆಸೆ ಹುಟ್ಟಿತು. 151 ರೋಗಿಗಳ ಕಟ್ಟುನಿಟ್ಟಿನ ಪ್ರಯೋಗದಲ್ಲಿ ಮಾತ್ರ ಔಷಧಿಗೂ ಹುಸಿ ಔಷಧಿಗೂ ವ್ಯತ್ಯಾಸ ಕಾಣಲಿಲ್ಲ. 2019ರಲ್ಲಿ ಅವರು ಆ ಸೋಲನ್ನು ಮುಚ್ಚಿಡದೆ ಪ್ರಕಟಿಸಿದರು. ಪ್ರತಿಕಾಯಗಳನ್ನು ವರ್ಷಗಟ್ಟಲೆ ಸುರಿಸುವ ಪ್ಲಾಸ್ಮಾ ಕೋಶಗಳು ರಿಟಕ್ಸಿಮ್ಯಾಬ್‌ಗೆ ಸಿಗದೆ ಉಳಿದಿರಬಹುದೆಂದು ಈಗ ಅವುಗಳ ಮೇಲೆ ಕೆಲಸ ಮಾಡುವ ಬೇರೆ ಔಷಧಿಯ ಪರೀಕ್ಷೆಗೆ ಇಳಿದಿದ್ದಾರೆ.

ರಕ್ತ ಮೇಲೇರದಿದ್ದಾಗ

ನಾವು ಎದ್ದು ನಿಂತ ಕ್ಷಣದಲ್ಲಿ ರಕ್ತ ಕಾಲಿನ ಕಡೆಗೆ ಇಳಿಯುತ್ತದೆ. ಸ್ವಯಂಚಾಲಿತ ನರಮಂಡಲ ತಕ್ಷಣ ರಕ್ತನಾಳಗಳನ್ನು ಬಿಗಿಮಾಡಿ, ಹೃದಯದ ಬಡಿತವನ್ನು ತುಸು ಏರಿಸಿ, ಮಿದುಳಿಗೆ ರಕ್ತ ಕಡಿಮೆಯಾಗದಂತೆ ನೋಡಿಕೊಳ್ಳುತ್ತದೆ. ನಮಗೆ ಅದರ ಸುಳಿವೂ ಇರುವುದಿಲ್ಲ. ಎಂಇ/ಸಿಎಫ್‌ಎಸ್ ರೋಗಿಗಳಲ್ಲಿ ಈ ಏರ್ಪಾಡು ಎಡವುತ್ತದೆ.

ನೆದರ್ಲೆಂಡ್ಸ್‌ನ ಹೃದ್ರೋಗ ತಜ್ಞರು ಅಮೆರಿಕದ ಸಹೋದ್ಯೋಗಿಯೊಂದಿಗೆ ಸೇರಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಳೆದು ತೋರಿಸಿತು. 429 ರೋಗಿಗಳನ್ನು ವಾಲುವ ಮೇಜಿನ ಮೇಲೆ ಮಲಗಿಸಿ ನಿಧಾನವಾಗಿ ನೆಟ್ಟಗೆ ಮಾಡುತ್ತಾ, ಮಿದುಳಿಗೆ ಹೋಗುವ ರಕ್ತದ ಹರಿವನ್ನು ಅಲ್ಟ್ರಾಸೌಂಡ್‌ನಿಂದ ಗಮನಿಸಿದರು. ಆರೋಗ್ಯವಂತರಲ್ಲಿ ಹರಿವು ಶೇ 7ರಷ್ಟು ಇಳಿದರೆ, ರೋಗಿಗಳಲ್ಲಿ ಶೇ 26ರಷ್ಟು ಇಳಿಯಿತು. ನಾಡಿ ಬಡಿತ, ರಕ್ತದೊತ್ತಡ ಎರಡೂ ಸರಿಯಾಗಿದ್ದ ರೋಗಿಗಳಲ್ಲೂ ಹೀಗೇ ಆಯಿತು. ಅಡುಗೆಮನೆಯಲ್ಲಿ ಹತ್ತು ನಿಮಿಷ ನಿಂತರೆ ಕಣ್ಣು ಕತ್ತಲಿಡುವ, ಬಸ್‌ ನಿಲ್ದಾಣದಲ್ಲಿ ನಿಂತಾಗ ಮಾತು ತಡವರಿಸುವ ಹೆಣ್ಣುಮಗಳಿಗೆ, "ಬಿಪಿ ನಾರ್ಮಲ್ ಇದೆ, ನಿನಗೇನೂ ಆಗಿಲ್ಲ" ಎಂದು ಹೇಳಿ ಕಳಿಸುವ ಮೊದಲು ಈ ಫಲಿತಾಂಶವನ್ನು ನೆನೆಯಬೇಕು.

ಶಕ್ತಿಯ ಕೊರತೆ ಎಲ್ಲಿ?

ತಿಂದದ್ದನ್ನು ಶಕ್ತಿಯಾಗಿ ಬದಲಿಸುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯಾ. ಬಳಲಿಕೆಯ ರೋಗದಲ್ಲಿ ಅವುಗಳ ಮೇಲೆ ಅನುಮಾನ ಹುಟ್ಟುವುದು ಸಹಜ. ಸೈಕಲ್ ತುಳಿಸುತ್ತಾ ಉಸಿರಿನಲ್ಲಿ ಖರ್ಚಾಗುವ ಆಮ್ಲಜನಕವನ್ನು ಅಳೆಯುವ ಪರೀಕ್ಷೆಯನ್ನು ಇಂಥ ರೋಗಿಗಳಿಗೆ ಒಂದು ದಿನ ಮಾಡಿದರೆ ದೊಡ್ಡ ವ್ಯತ್ಯಾಸ ಕಾಣದಿರಬಹುದು. ಮರುದಿನ ಅದೇ ಪರೀಕ್ಷೆಯನ್ನು ಮತ್ತೆ ಮಾಡಿದಾಗ ಚಿತ್ರ ಬದಲಾಗುತ್ತದೆ. ವ್ಯಾಯಾಮದ ರೂಢಿ ಇಲ್ಲದ ಆರೋಗ್ಯವಂತರು ಎರಡನೇ ದಿನವೂ ಮೊದಲ ದಿನದಷ್ಟೇ ತುಳಿಯುತ್ತಾರೆ; ಈ ರೋಗಿಗಳ ಸಾಮರ್ಥ್ಯ ಕುಸಿಯುತ್ತದೆ. ಹಾಸಿಗೆಯಲ್ಲಿ ಬಿದ್ದುಕೊಂಡು ಮೈ ಜಡವಾಗಿದೆ ಎಂಬ ವಿವರಣೆ ಇಲ್ಲಿ ನಿಲ್ಲುವುದಿಲ್ಲ. ಮೈ ಜಡವಾದವರಿಗೆ ಎರಡನೇ ದಿನದ ಕುಸಿತ ಬರುವುದಿಲ್ಲ.

ಸ್ನಾಯುವಿನೊಳಗೂ ಇಣುಕಿ ನೋಡಲಾಗಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಪಾಲ್ ಹ್ವಾಂಗ್ ಅವರ ತಂಡ 2023ರಲ್ಲಿ, ಮೈಟೊಕಾಂಡ್ರಿಯಾಗಳ ಕೆಲಸಕ್ಕೆ ಅಡ್ಡಗಾಲು ಹಾಕುವ ವಾಸ್ಫ್-3 ಎಂಬ ಪ್ರೋಟೀನು ರೋಗಿಗಳ ಸ್ನಾಯುಗಳಲ್ಲಿ ಹೆಚ್ಚಿರುವುದನ್ನು ಕಂಡಿತು. 2024ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ದೀರ್ಘ ಕೋವಿಡ್ ಇದ್ದ 25 ಜನರನ್ನು ಸೈಕಲ್ ತುಳಿಸಿ, ತುಳಿಯುವ ಮೊದಲು ಮತ್ತು ಕುಸಿತದ ದಿನ ಸ್ನಾಯುವಿನ ಚೂರು ತೆಗೆದು ಹೋಲಿಸಿದರು. ಶ್ರಮದ ನಂತರ ಅವರ ಸ್ನಾಯುಗಳಲ್ಲಿ ಹಾನಿಯ ಗುರುತುಗಳು ಹೆಚ್ಚಾಗಿದ್ದವು, ಶಕ್ತಿ ಉತ್ಪಾದನೆ ಇನ್ನಷ್ಟು ಕುಗ್ಗಿತ್ತು. ಶ್ರಮಪಟ್ಟರೆ ಕಾಯಿಲೆ ಹೆಚ್ಚುತ್ತದೆ ಎಂದು ರೋಗಿಗಳು ದಶಕಗಳಿಂದ ಹೇಳುತ್ತಿದ್ದ ಮಾತಿಗೆ ಸೂಕ್ಷ್ಮದರ್ಶಕದಡಿಯಲ್ಲಿ ಸಾಕ್ಷಿ ಸಿಕ್ಕಿತು.

ಮಿದುಳು ಮತ್ತು ವಂಶವಾಹಿ

ಅದೇ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಸೋಂಕಿನ ನಂತರ ಕಾಯಿಲೆ ಬಂದ 17 ರೋಗಿಗಳನ್ನು ಆಸ್ಪತ್ರೆಯಲ್ಲಿಟ್ಟುಕೊಂಡು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿ 2024ರಲ್ಲಿ ವರದಿ ಕೊಟ್ಟವು. ಮಿದುಳು-ಬೆನ್ನುಹುರಿಯ ದ್ರವದಲ್ಲಿ ನರಸಂದೇಶಕ್ಕೆ ಸಂಬಂಧಿಸಿದ ಕೆಲವು ರಾಸಾಯನಿಕಗಳು ಕಡಿಮೆ ಇದ್ದವು. ಶ್ರಮಪಡುವಾಗ ಚುರುಕಾಗಬೇಕಾದ ಮಿದುಳಿನ ಒಂದು ಭಾಗ ಮಂಕಾಗಿತ್ತು. ರೋಗಿಗಳು ಶ್ರಮವನ್ನು ಕಡಿಮೆ ಆರಿಸಿಕೊಳ್ಳುತ್ತಾರೆ ಎಂಬ ಧಾಟಿಯ ವಿವರಣೆಯೂ ವರದಿಯಲ್ಲಿ ಸೇರಿಕೊಂಡದ್ದರಿಂದ ರೋಗಿಗಳೂ ಹಲವು ವಿಜ್ಞಾನಿಗಳೂ ಅದನ್ನು ಪ್ರತಿಭಟಿಸಿದರು. ಕೇವಲ 17 ಜನರಿಂದ ದೊಡ್ಡ ತೀರ್ಮಾನಕ್ಕೆ ಬರುವುದೂ ಕಷ್ಟ. ದೇಹದಲ್ಲಿ ಅಳೆಯಬಹುದಾದ ವ್ಯತ್ಯಾಸಗಳಿವೆ ಎಂಬುದಂತೂ ಆ ವರದಿಯಿಂದಲೂ ಗಟ್ಟಿಯಾಯಿತು.

ಸಂಖ್ಯೆಯ ಕೊರತೆಯನ್ನು ನೀಗಿಸಿದ್ದು ಬ್ರಿಟನ್ನಿನ 'ಡಿಕೋಡ್‌ಎಂಇ'. ಎಡಿನ್‌ಬರೊ ವಿಶ್ವವಿದ್ಯಾಲಯದ ಕ್ರಿಸ್ ಪಾಂಟಿಂಗ್ ಅವರ ನೇತೃತ್ವದಲ್ಲಿ, ರೋಗಿಗಳ ಸಂಘಟನೆಗಳು ಹೆಗಲು ಕೊಟ್ಟು ಕಟ್ಟಿದ ಯೋಜನೆ ಇದು. ಹಾಸಿಗೆ ಬಿಟ್ಟು ಏಳಲಾಗದವರೂ ಮನೆಯಿಂದಲೇ ಜೊಲ್ಲಿನ ಮಾದರಿ ಕಳಿಸಿದರು. 15,579 ರೋಗಿಗಳ ಡಿಎನ್‌ಎಯನ್ನು ಎರಡೂವರೆ ಲಕ್ಷಕ್ಕೂ ಹೆಚ್ಚು ಇತರರ ಡಿಎನ್‌ಎಯೊಂದಿಗೆ ಹೋಲಿಸಿ 2025ರ ಆಗಸ್ಟ್‌ನಲ್ಲಿ ಆರಂಭಿಕ ಫಲಿತಾಂಶ ಹೊರಹಾಕಿದರು. ರೋಗಿಗಳಲ್ಲಿ ಭಿನ್ನವಾಗಿದ್ದ ಎಂಟು ತಾಣಗಳು ಸಿಕ್ಕವು. ಅವುಗಳ ಸುತ್ತ ಇರುವ ಹಲವು ವಂಶವಾಹಿಗಳು ಸೋಂಕಿಗೆ ಪ್ರತಿಕ್ರಿಯಿಸುವ ಅಥವಾ ನರಮಂಡಲಕ್ಕೆ ಸಂಬಂಧಿಸಿದ ಕೆಲಸ ಮಾಡುವಂಥವು; ಒಂದು ತಾಣ ದೀರ್ಘಕಾಲದ ನೋವಿನೊಂದಿಗೂ ತಳುಕು ಹಾಕಿಕೊಂಡಿದೆ. ಖಿನ್ನತೆ, ಆತಂಕಗಳ ನಂಟು ಈ ತಾಣಗಳಲ್ಲಿ ಕಾಣಲಿಲ್ಲ. ಒಂದೊಂದರ ಪ್ರಭಾವವೂ ಸಣ್ಣದು; ಇವನ್ನು ನೋಡಿ ಯಾರಿಗೆ ಕಾಯಿಲೆ ಬರುತ್ತದೆಂದು ಭವಿಷ್ಯ ಹೇಳಲಾಗದು. ಕಾಯಿಲೆಯ ಬೇರು ಎತ್ತ ಹರಡಿದೆ ಎಂಬುದನ್ನು ಇವು ತೋರಿಸುತ್ತವೆ.

ರೋಗಿಗಳಲ್ಲಿ ಗಂಡಸರಿಗಿಂತ ಹೆಂಗಸರು ಹಲವು ಪಟ್ಟು ಹೆಚ್ಚು. 1970ರಲ್ಲಿ ಇದೇ ಸಂಗತಿ ಉನ್ಮಾದಕ್ಕೆ ಸಾಕ್ಷಿಯಾಗಿ ಬಳಕೆಯಾಯಿತು. ಲೂಪಸ್, ರುಮಟಾಯ್ಡ್ ಸಂಧಿವಾತ, ಥೈರಾಯ್ಡ್ ಗ್ರಂಥಿಯ ಮೇಲೆ ದೇಹವೇ ದಾಳಿ ಮಾಡುವ ರೋಗಗಳು, ಮಲ್ಟಿಪಲ್ ಸ್ಕ್ಲಿರೋಸಿಸ್, ಇವೆಲ್ಲವೂ ಹೆಂಗಸರನ್ನೇ ಹೆಚ್ಚು ಕಾಡುತ್ತವೆ. ಅವುಗಳನ್ನು ಯಾರೂ ಉನ್ಮಾದ ಎನ್ನುವುದಿಲ್ಲ.

ತಪ್ಪು ಸಿದ್ಧಾಂತದ ಬೆಲೆ

ಕಾರಣದ ಚರ್ಚೆ ಪಂಡಿತರ ಕೋಣೆಯೊಳಗೇ ಉಳಿಯುವುದಿಲ್ಲ. ಯಾವ ಕಾರಣವನ್ನು ನಂಬುತ್ತೇವೋ ಅದೇ ಚಿಕಿತ್ಸೆಯಾಗಿ ರೋಗಿಯ ಮೈಮೇಲೆ ಬರುತ್ತದೆ. ಬ್ರಿಟನ್ನಿನಲ್ಲಿ ಬಹುಕಾಲ ಬೇರೂರಿದ್ದ ಸಿದ್ಧಾಂತದ ಪ್ರಕಾರ, ಮೂಲ ಸೋಂಕು ಎಂದೋ ಹೋಗಿದೆ. ಶ್ರಮದ ಭಯದಿಂದ ರೋಗಿ ಮಲಗಿ ಮಲಗಿ ಮೈ ಜಡವಾಗಿದೆ. ಭಯ ಬಿಡಿಸಿ ವ್ಯಾಯಾಮವನ್ನು ಹಂತಹಂತವಾಗಿ ಏರಿಸಿದರೆ ವಾಸಿಯಾಗುತ್ತದೆ. ಈ ನಂಬಿಕೆಯ ಮೇಲೆ ನಡೆದ 'ಪೇಸ್' ಪ್ರಯೋಗದಲ್ಲಿ 641 ರೋಗಿಗಳಿದ್ದರು. 2011ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಅದನ್ನು ಯಶಸ್ಸೆಂದು ಪ್ರಕಟಿಸಿತು. ವ್ಯಾಯಾಮದಿಂದ ತಾವು ಇನ್ನಷ್ಟು ಹಾಸಿಗೆ ಹಿಡಿದೆವೆಂದು ರೋಗಿಗಳು ಬರೆದ ಪತ್ರಗಳಿಗೆ ಬೆಲೆ ಸಿಗಲಿಲ್ಲ.

ರೋಗಿಗಳು ಬಿಡಲಿಲ್ಲ. ಪ್ರಯೋಗದ ಮೂಲ ಅಂಕಿಅಂಶ ಕೊಡಿ ಎಂದು ಮಾಹಿತಿ ಹಕ್ಕಿನಡಿ ಕೇಳಿದರು. 2016ರಲ್ಲಿ ನ್ಯಾಯಮಂಡಳಿಯ ಆದೇಶದ ಮೇಲೆ ಅಂಕಿಅಂಶ ಹೊರಬಂತು. 'ಗುಣವಾಗುವುದು' ಎಂಬುದರ ಅಳತೆಗೋಲನ್ನೇ ಆಮೇಲೆ ಸಡಿಲಿಸಲಾಗಿತ್ತು. ಮೊದಲು ಗೊತ್ತುಮಾಡಿದ್ದ ಅಳತೆಯಲ್ಲೇ ಮರುಲೆಕ್ಕ ಹಾಕಿದಾಗ, ಗುಣವಾದರು ಎಂಬ ಹೇಳಿಕೆ ನಿಲ್ಲಲಿಲ್ಲ. ಕೊನೆಗೆ 2021ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ, ಏರುಗತಿಯ ವ್ಯಾಯಾಮ ಚಿಕಿತ್ಸೆಯನ್ನು ಎಂಇ/ಸಿಎಫ್‌ಎಸ್ ರೋಗಿಗಳಿಗೆ ಕೊಡಬಾರದೆಂದು ಸ್ಪಷ್ಟವಾಗಿ ಹೇಳಿತು. ಆಪ್ತಸಮಾಲೋಚನೆ ರೋಗದೊಂದಿಗೆ ಬದುಕಲು ನೆರವಾಗಬಹುದು. ಅದು ರೋಗವನ್ನು ಗುಣಪಡಿಸುವುದಿಲ್ಲ ಎಂದೂ ಸೇರಿಸಿತು.

ಎಲ್ಲ ಸುಳಿವುಗಳನ್ನೂ ಕೂಡಿಸಿ ನೋಡಿದರೆ ಸದ್ಯಕ್ಕೆ ಹೆಚ್ಚು ಒಪ್ಪುವ ಚಿತ್ರ ಇದು: ವಂಶವಾಹಿಯಿಂದ ಬಂದ ಒಂದು ಒಲವು ಕೆಲವರಲ್ಲಿ ಮೊದಲೇ ಇರುತ್ತದೆ. ಸೋಂಕು ಅದನ್ನು ಬಡಿದೆಬ್ಬಿಸುತ್ತದೆ. ಕೆರಳಿದ ನಿರೋಧಕ ವ್ಯವಸ್ಥೆ ನರಗಳನ್ನೂ ರಕ್ತನಾಳಗಳನ್ನೂ ಕದಡುತ್ತದೆ. ರಕ್ತದ ಹರಿವು ತಗ್ಗಿದಾಗ ಜೀವಕೋಶಗಳಿಗೆ ಶಕ್ತಿ ಸಾಲದಾಗುತ್ತದೆ. ಶಕ್ತಿ ಸಾಲದ ಜೀವಕೋಶಗಳು ಮತ್ತೆ ನಿರೋಧಕ ವ್ಯವಸ್ಥೆಯನ್ನು ಕೆರಳಿಸುತ್ತವೆ. ಈ ಸುತ್ತು ಒಮ್ಮೆ ತಿರುಗತೊಡಗಿದರೆ ಮೂಲ ರೋಗಾಣುವಿನ ಹಂಗು ಅದಕ್ಕೆ ಬೇಕಿಲ್ಲ. ಎಲ್ಲ ರೋಗಿಗಳಲ್ಲೂ ಸುತ್ತು ಒಂದೇ ಕಡೆಯಿಂದ ಶುರುವಾಗದೆಯೂ ಇರಬಹುದು. ಒಂದೇ ಹೆಸರಿನಡಿ ಎರಡು ಮೂರು ಬೇರೆ ಕಾಯಿಲೆಗಳಿದ್ದರೆ, ಒಬ್ಬರಿಗೆ ನಾಟಿದ ಔಷಧಿ ಇನ್ನೊಬ್ಬರಿಗೆ ನಾಟದಿರುವುದಕ್ಕೂ ಅದೇ ವಿವರಣೆಯಾಗುತ್ತದೆ.

ನಮ್ಮ ಊರು, ನಮ್ಮ ಮನೆ

2006ರಲ್ಲಿ ಚಿಕೂನ್‌ಗುನ್ಯಾ ದೇಶದಲ್ಲಿ ಹಬ್ಬಿದಾಗ ಅತಿ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದದ್ದು ಕರ್ನಾಟಕದಲ್ಲಿ, ಏಳೂವರೆ ಲಕ್ಷ. ಜ್ವರ ನಾಲ್ಕು ದಿನಕ್ಕೆ ಇಳಿದರೂ ಕೀಲುನೋವು, ನಿತ್ರಾಣ ತಿಂಗಳುಗಟ್ಟಲೆ ಉಳಿದವರನ್ನು ಪ್ರತಿ ಊರೂ ಕಂಡಿದೆ. ಡಬ್ಬೋ ಅಧ್ಯಯನದ ರಾಸ್ ರಿವರ್ ವೈರಸ್ ಈ ಚಿಕೂನ್‌ಗುನ್ಯಾದ ಹತ್ತಿರದ ಬಂಧು. ಡೆಂಗಿ ವರ್ಷವರ್ಷ ಬರುತ್ತಿದೆ, ಮಲೆನಾಡಿನಲ್ಲಿ ಮಂಗನ ಕಾಯಿಲೆ ಇದೆ, ಕೋವಿಡ್ ಮನೆಮನೆಗೂ ಬಂದು ಹೋಗಿದೆ. ಜ್ವರ ಬಿಟ್ಟವರನ್ನು ಆರು ತಿಂಗಳ ನಂತರ ಮತ್ತೆ ಕರೆದು ಹೇಗಿದ್ದೀರಿ ಎಂದು ಕೇಳುವ ಏರ್ಪಾಡು ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ, ವೈದ್ಯಕೀಯ ಕಾಲೇಜುಗಳಲ್ಲಿ ಬರಬೇಕು.

ಹಾಗೆಂದು ಎಲ್ಲ ಸುಸ್ತೂ ಈ ಕಾಯಿಲೆಯಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಥೈರಾಯ್ಡ್, ಸಕ್ಕರೆ ಕಾಯಿಲೆ, ಬಿ-12 ಕೊರತೆ, ಕ್ಷಯ, ಮೂತ್ರಪಿಂಡ ಮತ್ತು ಯಕೃತ್ತಿನ ತೊಂದರೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಖಿನ್ನತೆ, ಇವೆಲ್ಲ ಬಳಲಿಸುತ್ತವೆ ಮತ್ತು ಇವಕ್ಕೆಲ್ಲ ಚಿಕಿತ್ಸೆ ಇದೆ. ಮೊದಲು ಇವನ್ನು ಪರೀಕ್ಷಿಸಿಕೊಳ್ಳಲೇಬೇಕು. ಗೋವಾದಲ್ಲಿ ಸುಮಾರು 2,500 ಹೆಂಗಸರನ್ನು ಮಾತನಾಡಿಸಿ 2005ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇ 12ರಷ್ಟು ಜನ ಆರು ತಿಂಗಳಿಗೂ ಮೀರಿದ ಬಳಲಿಕೆ ಹೇಳಿಕೊಂಡರು. ಆ ಬಳಲಿಕೆಗೂ ಹಿಮೋಗ್ಲೋಬಿನ್‌ಗೂ ನಂಟು ಕಾಣಲಿಲ್ಲ. ಬಡತನ, ಮನೆಯೊಳಗಿನ ಕಷ್ಟ, ಮನಸ್ಸಿನ ಬೇಗುದಿಗಳ ನಂಟು ಕಂಡಿತು. ಆದ್ದರಿಂದ ಕಬ್ಬಿಣದ ಮಾತ್ರೆ, ಟಾನಿಕ್ಕು, ಒಂದು ಬಾಟಲಿ ಗ್ಲೂಕೋಸ್‌ಗೆ ವಿಚಾರಣೆ ಮುಗಿಯಬಾರದು. ಎಲ್ಲ ವರದಿಗಳೂ ಸರಿಯಿದ್ದು, ಶ್ರಮದ ಮರುದಿನ ಕುಸಿತ ಬರುತ್ತಿದ್ದರೆ ಎಂಇ/ಸಿಎಫ್‌ಎಸ್ ಅನ್ನು ನೆನೆಯಬೇಕು. ವೈದ್ಯರು ಮಲಗಿದ್ದಾಗಿನ ನಾಡಿಯನ್ನೂ ಹತ್ತು ನಿಮಿಷ ನಿಂತಾಗಿನ ನಾಡಿಯನ್ನೂ ಹೋಲಿಸಬೇಕು. ರಕ್ತದೊತ್ತಡ ಇಳಿಯದೆ ಬಡಿತ ಮಾತ್ರ ನಿಮಿಷಕ್ಕೆ 30 ಅಥವಾ ಅದಕ್ಕಿಂತ ಹೆಚ್ಚು ಏರಿ ನಿಂತರೆ ಅದು ಪಾಟ್ಸ್ ಎಂಬ ತೊಂದರೆಯ ಸೂಚನೆ. ಅದಕ್ಕೆ ಔಷಧಿ, ಉಪಚಾರಗಳಿವೆ.

ಮೂಲ ಕಾಯಿಲೆಯನ್ನು ಗುಣಪಡಿಸುವ ಔಷಧಿ ಇನ್ನೂ ಬಂದಿಲ್ಲ. ನಿದ್ದೆ, ನೋವು, ತಲೆಸುತ್ತುಗಳನ್ನು ಒಂದೊಂದಾಗಿ ಹತೋಟಿಗೆ ತರಬಹುದು. ಅದಕ್ಕಿಂತ ಮುಖ್ಯವಾದದ್ದು, ದಣಿಯುವ ಮೊದಲೇ ನಿಲ್ಲಿಸುವ ಶಿಸ್ತು. ಇವತ್ತು ಮೈ ಹಗುರವಾಗಿದೆ ಎಂದು ಬಾಕಿ ಕೆಲಸವನ್ನೆಲ್ಲ ಒಂದೇ ದಿನ ಮುಗಿಸಹೊರಟರೆ ನಾಳೆಯಿಂದ ಒಂದು ವಾರ ಹಾಸಿಗೆಯೇ ಗತಿ. "ಬೆಳಗ್ಗೆ ಎದ್ದು ವಾಕಿಂಗ್ ಹೋಗು, ಸೂರ್ಯನಮಸ್ಕಾರ ಹಾಕು, ಎಲ್ಲ ಸರಿಹೋಗುತ್ತೆ" ಎಂಬ ಸಲಹೆ ಬೇರೆಯವರಿಗೆ ಒಳ್ಳೆಯದೇ. ಈ ಕಾಯಿಲೆಯವರನ್ನು ಅದು ಮತ್ತಷ್ಟು ಕೆಳಗೆ ತಳ್ಳಬಹುದು.

ನಿಮ್ಮ ಮನೆಯ ಸೊಸೆಯೋ ಮಗನೋ ಅಕ್ಕನೋ ಒಂದು ಜ್ವರದ ನಂತರ ಮೊದಲಿನಂತಾಗದೆ ಉಳಿದಿದ್ದರೆ, "ಸೋಮಾರಿತನ", "ಮನಸ್ಸು ಗಟ್ಟಿ ಮಾಡಿಕೋ" ಎಂಬ ಮಾತುಗಳನ್ನು ಇವತ್ತೇ ನಿಲ್ಲಿಸಿ. ಅವರು ಹೇಳುವುದನ್ನು ನಂಬಿ, ಶ್ರಮ ಮತ್ತು ಕುಸಿತದ ದಿನಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ಅದನ್ನು ವೈದ್ಯರಿಗೆ ತೋರಿಸಿ, ಮನೆಗೆಲಸದ ಭಾರವನ್ನು ಹಂಚಿಕೊಳ್ಳಿ. ವಿಜ್ಞಾನ ಕಾರಣವನ್ನು ಕಂಡುಹಿಡಿಯಲು ಇನ್ನೂ ಸಮಯ ಬೇಕಾಗಬಹುದು. ರೋಗಿಯನ್ನು ನಂಬಲು ಅಲ್ಲಿಯವರೆಗೆ ಕಾಯಬೇಕಾಗಿಲ್ಲ.